ಒಂದೇ ಪಂಕ್ತಿಗೆ ಕೂರಿಸುವ ಅತೀಯಾ

ಬೆಳಕು ಈಗಷ್ಟೇ ಹರಿಯುತ್ತಿದೆ. ಕುಷ್ಟಗಿಯಿಂದ ಮೊದಲ ಬಸ್ಸಿಗೆ ತಾವರಗೇರಾಕ್ಕೆ ಬಂದಿಳಿದ ಅತೀಯಾ, ಚಪ್ಪಲಿ ಬಿಟ್ಟು ಮನೆಯೊಳಗೆ ಕಾಲಿಡುತ್ತಲೇ ಹುಕುಂ ಹೊರಡಿಸುತ್ತಾರೆ: "ಶಿವಬಸಮ್ಮಾರ, ಒಲಿ ಸಣ್ಣ ಮಾಡ್ರಿ. ವಿರೂಪಾಕ್ಷಪ್ಪಾರ, ಪೇಪರ್ ಇಡ್ರಿ. ಎಲ್ಲಾರೂ ಬರ್ರಿ, ಕೂಡ್ರಿ." ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ತಾಟುಗಳು ಒಂದೇ ಸಾಲಿಗೆ ಬೀಳುತ್ತವೆ. ವರದಿಗೆಂದು ಬಂದ ನಾನು ಗೋಡೆಗೊರಗಿ ಕುಳಿತಿದ್ದೇನೆ.

ಈ ಮನೆಯ ಹಿರಿಮಗಳು, ಹತ್ತನೇ ತರಗತಿಯ ಲಲಿತಾ, ಎಷ್ಟೋ ತಿಂಗಳ ನಂತರ ಇಂದು ತನ್ನ ತಾಟಿಗೆ ತಾನೇ ಬಡಿಸಿಕೊಳ್ಳಲಿದ್ದಾಳೆ. (ಮನೆಯವರ ಹೆಸರು ಬದಲಿಸಿದ್ದೇನೆ.) ಇದರಲ್ಲೇನು ದೊಡ್ಡ ಸುದ್ದಿ ಎನ್ನಬೇಡಿ. ದಪ್ಪಗಾಗುತ್ತೇನೆಂಬ ಭಯ ಹೊಕ್ಕು ಊಟ ಬಿಟ್ಟು, ಶಾಲೆಯ ಮೆಟ್ಟಿಲ ಮೇಲೆ ಕುಸಿದು ಬಿದ್ದಿದ್ದ ಹುಡುಗಿ ಈಕೆ. ಗಂಗಾವತಿಯ ಮನೋವೈದ್ಯರೊಬ್ಬರು ದಾರಿ ತೋರಿಸಿದರು: ಊಟದ ಹೊಣೆಯನ್ನು ಕೆಲಕಾಲ ತಂದೆತಾಯಿಯೇ ಹೊರಬೇಕು, ಬೈಯಬಾರದು, ಹಾಗಂತ ಬಿಟ್ಟುಕೊಡಲೂಬಾರದು. ಅದನ್ನು ಮನೆಯಲ್ಲಿ ನಡೆಸಿಕೊಡುವವರೇ ಅತೀಯಾ. ಈಗ ತೂಕ ಏರಿದೆ, ಹೊಣೆ ಮೆಲ್ಲಗೆ ಮಗಳ ಕೈಗೆ ಮರಳಬೇಕು. ಆಕೆ ಉಂಡರೆ ಮತ್ತೆ ಶಾಲೆ, ಖೋಖೋ. ಇಲ್ಲವಾದರೆ ಎಲ್ಲವೂ ಮೊದಲಿನಿಂದ.

ಅತೀಯಾ ಮೊದಲು ಹುಡುಗಿಯರ ಹಾಸ್ಟೆಲ್ಲೊಂದರಲ್ಲಿ ಅಡುಗೆಯವರಾಗಿದ್ದರು. ಉಣ್ಣದೆ ಸೊರಗುತ್ತಿದ್ದ ಒಬ್ಬಳನ್ನು ಈ ವೈದ್ಯರ ಬಳಿಗೆ ಕರೆದೊಯ್ದವರು, ಅವರಲ್ಲೇ ತರಬೇತಿ ಪಡೆದು ಈ ಕೆಲಸಕ್ಕೇ ನಿಂತುಬಿಟ್ಟರು. ಈಗ ಯಲಬುರ್ಗಾ, ಕೊಪ್ಪಳದ ಕಡೆಗೂ ಓಡಾಟ. ದಿನಕ್ಕೆ ಎರಡು ಮನೆ, ಕೆಲವೊಮ್ಮೆ ಮೂರು.

"'ಮಂದಿ ಮಕ್ಕಳಿಗೆ ಉಣ್ಸಾಕ ಪಗಾರ ಬ್ಯಾರೆ ಕೊಡ್ತಾರೇನ?' ಅಂತ ನಮ್ಮವರ ನಗತಾರ್ರಿ," ಎನ್ನುತ್ತಾರೆ ಅತೀಯಾ. "ಒಂದ್ ಮನ್ಯಾಗ ನಾ ದೃಷ್ಟಿ ತಗ್ಯಾಕ ಬಂದೀನಂತ ತಿಳದು ಲಿಂಬಿಹಣ್ಣ ತಂದಿಟ್ರು. ಶರಬತ್ ಮಾಡಿಸಿ ಕುಡದ್ ಬಂದೆ!"

ಈ ಮನೆಗೆ ಮೊದಲ ದಿನ ಬಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ನಿನ್ನೆ ಲಲಿತಾ ಯಾರ ಜೊತೆ ಉಂಡಳು? "ಅವ್ವನ ಜೋಡಿ," ಎಂದರು ಅಪ್ಪ. "ಅವರಪ್ಪನ ಜೋಡಿ ಉಂಡಾಳ್ರಿ," ಎಂದರು ಅವ್ವ. ಗಂಡಸರು ಮೊದಲು ಉಂಡು, ಹೆಂಗಸರು ಉಳಿದದ್ದಕ್ಕೆ ಕೂರುವ ಮನೆ. ಎರಡೂ ಪಂಕ್ತಿಗೆ ನಗುನಗುತ್ತ ಬಡಿಸುತ್ತಿದ್ದ ಮಗಳು ಯಾವ ಪಂಕ್ತಿಯಲ್ಲೂ ಉಣ್ಣುತ್ತಿರಲಿಲ್ಲ. ಎಷ್ಟು ಛಲೋ ಮಗಳು ಎಂದು ನೆಂಟರೆಲ್ಲ ಹೊಗಳುತ್ತಿದ್ದರಂತೆ.

ಅಂದಿನಿಂದ ಎಲ್ಲರಿಗೂ ಒಂದೇ ಪಂಕ್ತಿ. "ಲಗ್ನಾದಾಗಿಂದ ಈಕಿ ಮಗ್ಗಲಕ ಕುಂತು ಉಂಡಾಂವಲ್ರಿ ನಾ. ಭಾಳ ನಾಚಿಕಿ ಬಂತು," ಎಂದು ವಿರೂಪಾಕ್ಷಪ್ಪ ಈಗಲೂ ನಾಚುತ್ತಾರೆ. ಮೊದಲ ವಾರ ಲಲಿತಾ ತಾಟನ್ನೇ ಎಸೆದಳು. ಅಪ್ಪ ಕೈ ಎತ್ತಿದಾಗ ಅತೀಯಾ ಅಡ್ಡ ಬಂದರು: "ಒಗದಿದ್ದು ಆಕಿಗಿ ಬಂದ ಜಡ್ಡು, ನಿಮ್ಮ ಮಗಳಲ್ಲ. ಮಗಳು ಅದರ ಹಿಂದ ಅದಾಳ, ಕರೀರಿ." ಮತ್ತೆ ತಾಟು ಬಂತು, ಎಲ್ಲರೂ ಕಾದು ಕೂತರು. ಹೀಗೆಯೇ ತಿಂಗಳುಗಳು ಕಳೆದಿವೆ.

ಈಗ ಎಲ್ಲರ ಕಣ್ಣು ಅವರವರ ತಾಟಿನಲ್ಲಿ. ಮಗಳನ್ನು ನೋಡಬಾರದೆಂಬುದು ಅತೀಯಾ ಅವರ ಅಪ್ಪಣೆ. ನಾನು ಮಾತ್ರ ಕಳ್ಳನಂತೆ ನೋಡುತ್ತಿದ್ದೇನೆ. ಲಲಿತಾ ಒಂದು ರೊಟ್ಟಿ ತೆಗೆದುಕೊಂಡು, ತಿರುಗಿ ಇಟ್ಟು, ಮತ್ತೆ ತೆಗೆದುಕೊಳ್ಳುತ್ತಾಳೆ. ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಮೊದಲ ತುತ್ತು ಇಳಿಯಲು ಹೊತ್ತು ಹಿಡಿಯುತ್ತದೆ. ಇನ್ನೊಂದು ರೊಟ್ಟಿಯನ್ನೂ ತಾನೇ ಹಾಕಿಕೊಳ್ಳುತ್ತಾಳೆ. ಶಿವಬಸಮ್ಮ ಉಸಿರು ಬಿಡುವುದು ನನಗೆ ಕೇಳಿಸುತ್ತದೆ.

ಆಗ ತಂಗಿ ಮೊಸರಿನ ಮೇಲಿನ ಕೆನೆಗೆ ಕೈ ಹಾಕುತ್ತಾಳೆ. ಲಲಿತಾ ಫಕ್ಕನೆ ಆ ಕೈ ಹಿಡಿದು ಕೂಗುತ್ತಾಳೆ: "ಏ, ನಿನ್ನೆ ನೀ ತಿಂದಿ. ಇವತ್ತ ಕೆನಿ ನಂದು!"

ಕೆನೆಯ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ ಹುಡುಗಿ! "ಸಣ್ಣಾಕಿಗೆ ಬಿಟ್ಟ ಕೊಡವಾ..." ಎಂದು ವಿರೂಪಾಕ್ಷಪ್ಪ ಅಭ್ಯಾಸಬಲದಿಂದ ಬಾಯಿ ತೆರೆಯುತ್ತಾರೆ. ಅತೀಯಾ ತಡೆಯುತ್ತಾರೆ: "ಸುಮ್ನಿರ್ರೀ! ಜಗಳಾಡ್ಲಿ."

ಬಸ್ ನಿಲ್ದಾಣಕ್ಕೆ ನಡೆಯುವಾಗ ಮುಂದೇನು ಎಂದು ಕೇಳುತ್ತೇನೆ. ಅತೀಯಾ ಸೆರಗಿನಿಂದ ಮುಖ ಒರೆಸಿಕೊಂಡು ನಗುತ್ತಾರೆ.

"ಮುಂದಿನ ತಿಂಗಳ ಆ ಮನಿ ಬಾಗಲಾ ಬಡದ್ರ, 'ಈಗ್ಯಾಕ ಬಂದ್ರಿ?' ಅನಬೇಕ್ರಿ ಅವರು. ಅಷ್ಟಾದ್ರ ಸಾಕು ನನಗ."