ಎಬಿ ತಂದೆ, ಓ ಮಗಳು

೨೦೦೪ರ ಫೆಬ್ರವರಿ, ಬೆಳಗಿನ ಹನ್ನೊಂದರ ಸುಮಾರು. ನಾನು ದಕ್ಷಿಣ ದೆಹಲಿಯ ಒಂದು ಸರ್ಕಾರಿ ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ, ರಕ್ತಕ್ಕಾಗಿ ಬಂದವರು ಸಾಲು ನಿಲ್ಲುವ ಕಿಟಕಿಯ ಒಳಬದಿಗೆ, ಸೆಂಟ್ರಿಫ್ಯೂಜ್ ಯಂತ್ರಕ್ಕೆ ಬೆನ್ನು ಮಾಡಿ ನಿಂತಿದ್ದೆ. ಅಲ್ಲಿನ ವೈದ್ಯಾಧಿಕಾರಿ ನಾನೇ. ಅಂದು ಕೇಳಿಸಿದ್ದನ್ನು ಕೇಳಿಸಿದಷ್ಟೇ ಬರೆಯುತ್ತೇನೆ. ಒಂದು ಮಾತು ಹೆಚ್ಚು ಸೇರಿಸಲೂ ಈಗಲೂ ಅಂಜಿಕೆಯಾಗುತ್ತದೆ.

ಕಿಟಕಿಯಾಚೆ ಶ್ರೀಧರ ಮತ್ತು ಅವರ ಹೆಂಡತಿ ಮಾಲಿನಿ ಇದ್ದರು. ಶ್ರೀಧರ ಕೇಂದ್ರ ಸಚಿವಾಲಯವೊಂದರಲ್ಲಿ ಅಸಿಸ್ಟೆಂಟ್. ಕಿದ್ವಾಯಿ ನಗರದ ಕ್ವಾರ್ಟರ್ಸ್‌ನಲ್ಲಿ ಮನೆ. ಒಂಬತ್ತು ವರ್ಷದ ಮಗಳು ಅನು ಮೆಟ್ಟಿಲಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್‌ಗೆ ರಕ್ತ ಕಾದಿರಿಸಬೇಕಿತ್ತು. ಅದಕ್ಕೆ ಬದಲಾಗಿ ಮನೆಯವರೊಬ್ಬರು ರಕ್ತ ಕೊಡುವುದು ಆಗಿನ ಪದ್ಧತಿ. ಶ್ರೀಧರ ಕೊಡಲು ಬಂದಿದ್ದರು.

ನಮ್ಮ ಟೆಕ್ನೀಷಿಯನ್ ಶರ್ಮಾ ಕೆಲಸದಲ್ಲಿ ಚುರುಕು, ಬಾಯಿ ಇನ್ನೂ ಚುರುಕು. ತಂದೆ, ಮಗಳು ಇಬ್ಬರ ರಕ್ತದ ಟ್ಯೂಬುಗಳನ್ನೂ ಬೆಳಕಿಗೆ ಹಿಡಿದು, ಸಾಲಿಗೆಲ್ಲ ಕೇಳುವಂತೆ, “ಅರೇ ವಾಹ್ ಸಾಹಬ್! ಬಾಪ್ ಎಬಿ, ಬೇಟಿ ಓ! ಯೇ ಕೈಸೇ?” ಎಂದರು. ಸಾಲಿನಲ್ಲಿ ಯಾರೋ ನಕ್ಕರು.

ರಕ್ತದ ಗುಂಪುಗಳ ಶೋಧವಾದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಅದು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಜೊತೆಗೆ, ಅದುವರೆಗೆ ಯಾವ ಗಂಡನಿಗೂ ಸಿಕ್ಕದಿದ್ದ ಒಂದು ಆಯುಧವನ್ನೂ ಅದು ಕೈಗೆ ಕೊಟ್ಟಿತು. ಎಬಿ ಗುಂಪಿನ ತಂದೆಯಿಂದ ಮಗುವಿಗೆ ಎ ಅಥವಾ ಬಿ ಬಂದೇ ಬರುತ್ತದೆ. ಓ ಗುಂಪಿನ ಮಗು ಅವನಿಗೆ ಹುಟ್ಟುವುದಿಲ್ಲ. ಪಠ್ಯಪುಸ್ತಕದಲ್ಲೇ ಹಾಗಿದೆ. ಶ್ರೀಧರ ಬಿಎಸ್ಸಿ ಓದಿದವರು.

“ಡಾಕ್ಟ್ರೇ, ನೀವು ಕನ್ನಡದವರು, ನಿಜ ಹೇಳಿ,” ಎಂದರು. “ಇದು ಸೈನ್ಸ್ ಅಲ್ವಾ? ನಾನು ಕಟ್ಟಿದ ಕಥೆ ಅಲ್ವಲ್ಲ?” ಆಮೇಲೆ ಹೆಂಡತಿಯತ್ತ ತಿರುಗದೆಯೇ, “ಮಗು ಹುಷಾರಾಗ್ಲಿ. ಆಮೇಲೆ ಇವಳು ಊರಿಗೆ ಹೊರಡ್ಲಿ,” ಎಂದರು.

ಮಾಲಿನಿ ಅಳಲಿಲ್ಲ. “ಇನ್ನೊಂದ್ಸಲ ಟೆಸ್ಟ್ ಮಾಡಿ ಸಾರ್. ನಂದೂ ಮಾಡಿ, ಇವರದ್ದೂ ಮಾಡಿ. ಬೇಕಿದ್ರೆ ಅಲ್ಲಿ ನಗ್ತಿದಾನಲ್ಲ, ಆ ಭಯ್ಯಾಂದೂ ಮಾಡಿ.”

ಮಾಡಿದೆವು. ತಾಯಿ ಬಿ, ತಂದೆ ಎಬಿ, ಮಗಳು ಮತ್ತೆ ಓ. ಆದರೆ ಅನುವಿನ ಸೀರಮ್‌ಗೆ ನಾವು ಕೊಡಲಿದ್ದ ಓ ರಕ್ತವನ್ನು ಬೆರೆಸಿ ನೋಡಿದಾಗ ಅದು ಗಂಟುಗಟ್ಟಿತು. ಬೇರೆ ಚೀಲದ ರಕ್ತ ತಂದೆವು, ಅದೂ ಗಂಟುಗಟ್ಟಿತು. ಅಂಥ ರಕ್ತ ಮೈಗೆ ಹೋದರೆ ಪ್ರಾಣಕ್ಕೇ ಅಪಾಯ. “ಸರ್, ಯೇ ಲಡ್ಕೀ ತೋ ಓ ಕೋ ಭೀ ಅಪ್ನಾ ನಹೀಂ ಮಾನ್ತೀ,” ಎಂದರು ಶರ್ಮಾ, ಈ ಹುಡುಗಿ ಓ ಗುಂಪನ್ನೂ ತನ್ನದೆಂದು ಒಪ್ಪುತ್ತಿಲ್ಲವಲ್ಲ ಎಂದು. ಈ ಸಲ ಮೆಲ್ಲಗೆ.

ಐವತ್ತರ ದಶಕದಲ್ಲಿ ಮುಂಬಯಿಯಲ್ಲಿ ಗುರುತಿಸಲಾದ ಒಂದು ಅಪರೂಪದ ರಕ್ತ ನನಗೆ ನೆನಪಾಯಿತು. ಎ ಮತ್ತು ಬಿ ಅಂಶಗಳು ರಕ್ತಕಣದ ಮೇಲೆ ನಿಲ್ಲಲು ಎಚ್ ಎಂಬ ತಳಪಾಯ ಬೇಕು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಎಚ್ ಜೀನ್ ಬಂದ ಮಗುವಿಗೆ ಆ ತಳಪಾಯವೇ ಇರುವುದಿಲ್ಲ. ಎ, ಬಿ ಜೀನ್ ಇದ್ದರೂ ಕಾಣಿಸಿಕೊಳ್ಳಲಾರವು. ಸಾಧಾರಣ ಪರೀಕ್ಷೆ ಅದನ್ನು ಓ ಎನ್ನುತ್ತದೆ. ಆದರೆ ನಿಜವಾದ ಓ ರಕ್ತದಲ್ಲಿ ಎಚ್ ಇರುವುದರಿಂದ, ಅಂಥ ಮಗುವಿನ ಮೈ ಅದನ್ನೂ ಪರಕೀಯವೆಂದು ತಳ್ಳುತ್ತದೆ. ಇದೇ ಬಾಂಬೆ ಗುಂಪು. ರಕ್ತಸಂಬಂಧದ ಮದುವೆಗಳಲ್ಲಿ ಇದರ ಸಾಧ್ಯತೆ ಹೆಚ್ಚು.

“ನೀವಿಬ್ಬರೂ ಮದುವೆಗೆ ಮೊದಲೇ ಸಂಬಂಧಿಕರಾ?” ಎಂದು ಕಿಟಕಿಯಲ್ಲೇ, ಅಭ್ಯಾಸಬಲದಿಂದ ಹಿಂದಿಯಲ್ಲಿ ಕೇಳಿದೆ. “ನಹೀಂ,” ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಅಷ್ಟು ಹೊತ್ತಿನಲ್ಲಿ ಅವರು ಒಪ್ಪಿದ ಒಂದೇ ಮಾತು ಅದು. ಒಳಗೆ ಕರೆದು ಕನ್ನಡದಲ್ಲಿ ಮತ್ತೆ ಕೇಳಿದೆ. ಶ್ರೀಧರ ಇಲ್ಲವೆಂದು ತಲೆಯಾಡಿಸುವಷ್ಟರಲ್ಲಿ ಮಾಲಿನಿ ಸಿಡಿದರು.

“ಸಾಕು ಮಾಮ! ನನ್ನ ಎತ್ತಿ ಆಡಿಸಿದೋನು ನೀನು. ಈ ಊರಿಗೆ ಹೆದರ್ಕೊಂಡು ಇನ್ನೆಷ್ಟು ದಿನ ಸುಳ್ಳು ಹೇಳ್ತೀಯ?”

ಶ್ರೀಧರ ಮಾಲಿನಿಯ ತಾಯಿಯ ತಮ್ಮ. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದು ಹಳೆಯ ರೂಢಿ. ದೆಹಲಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯಾಕೆ, “ಮಾಮಾ ಸೇ ಶಾದಿ? ಛೀ ಛೀ!” ಎಂದಿದ್ದರಂತೆ. ಅಂದಿನಿಂದ ಯಾರೇ ಕೇಳಲಿ, ಇಬ್ಬರೂ ಇಲ್ಲವೆಂದೇ ಹೇಳುತ್ತ ಬಂದಿದ್ದರು.

ಎಚ್ ಅಂಶ ಪತ್ತೆ ಮಾಡುವ ದ್ರವದಿಂದ ಅನುವಿನ ರಕ್ತ ನೋಡಿದೆವು. ಎಚ್ ಇರಲಿಲ್ಲ. ಅಂಥ ರಕ್ತ ಮನೆಯವರಲ್ಲಿ ಇನ್ನಾರಿಗಾದರೂ ಇರಬಹುದೆಂದು, ತುಮಕೂರಿನಲ್ಲಿದ್ದ ಮಾಲಿನಿಯ ತಾಯಿ ರತ್ನಮ್ಮನವರನ್ನು ಕರೆಸಿದೆ. ಅವರು ಶ್ರೀಧರರ ಒಡಹುಟ್ಟಿದ ಅಕ್ಕ. ಕೆಲವು ದಿನಗಳ ಮೇಲೆ ರೈಲು ಇಳಿದು ನೇರ ಬಂದವರು ಕೂರುವ ಮೊದಲೇ, “ಏನೋ, ನನ್ನ ಮಗಳ ಮೇಲೆ ಅನುಮಾನಾನಾ? ನೀನು ಬಿಎಸ್ಸಿ ಮಾಡ್ಲಿ ಅಂತ ದಿನಾ ಬುತ್ತಿ ಕಟ್ಟಿ ಕಳಿಸಿದ್ದು ಇದಕ್ಕೇನೋ?” ಎಂದರು. ಜೀವನವಿಡೀ ಓ ಎಂದುಕೊಂಡಿದ್ದ ಅವರ ರಕ್ತವೂ ಬಾಂಬೆಯೇ ಆಗಿತ್ತು. ಮೊಮ್ಮಗಳ ಆಪರೇಷನ್‌ಗೆ ಅದನ್ನೇ ಕಾದಿರಿಸಿದೆವು.

“ಅಂದ್ರೆ, ಮಗು ನಂದೇ ಅಂತ ಸಾಬೀತಾಯ್ತಾ?” ಶ್ರೀಧರ ಕೇಳಿದರು.

“ಇಲ್ಲ,” ಎಂದೆ. “ನಿಮ್ಮ ಅನುಮಾನಕ್ಕಿದ್ದ ಸಾಕ್ಷಿ ಬಿದ್ದುಹೋಯ್ತು, ಅಷ್ಟೇ. ಸಾಬೀತು ಬೇಕಿದ್ರೆ ಡಿಎನ್‌ಎ ಪರೀಕ್ಷೆ ಇದೆ.”

“ಇರ್ಲಿ ಸಾರ್, ನಾನು ಮಾಡ್ಸಲ್ಲ,” ಎಂದರು ಮಾಲಿನಿ. “ಮೊದಲ್ನೇ ಟೆಸ್ಟು ಮಗೂಗೋಸ್ಕರ. ಇನ್ನೊಂದು ಯಾರಿಗೋಸ್ಕರ? ನಂಬೋದಾದ್ರೆ ನನ್ನ ಮುಖ ನೋಡಿ ನಂಬ್ಲಿ. ಇಲ್ಲಾಂದ್ರೆ ಊರಿಗೆ ಹೊರಡೋದು ನಾನಲ್ಲ, ಇವನು.”

ಶ್ರೀಧರ ಎದ್ದು ಹೊರಗೆ ಹೋಗಿ, ಮೊದಲ ದಿನದ ಜನ ಅಲ್ಲದಿದ್ದರೂ, ಸಾಲಿನ ಎದುರು ನಿಂತು, “ವೋ ಬಚ್ಚೀ ಮೇರೀ ಹೈ. ಔರ್ ಮೇರೀ ಬೀವಿ ಮೇರೀ ಬೆಹನ್ ಕೀ ಬೇಟಿ ಹೈ. ಕಿಸೀ ಕೋ ಹಸ್ನಾ ಹೈ?” ಎಂದರು. ಆ ಮಗು ನನ್ನದು, ಹೆಂಡತಿ ನನ್ನ ಅಕ್ಕನ ಮಗಳು, ಯಾರಿಗಾದರೂ ನಗಬೇಕಿದೆಯೇ, ಎಂದು. ಒಬ್ಬ ನಕ್ಕ. ಶ್ರೀಧರ ಅವನನ್ನೇ ನೋಡುತ್ತ ನಿಂತರು, ಅವನು ಮುಖ ತಿರುಗಿಸುವವರೆಗೆ.

ಸೋದರಿಕೆಯನ್ನು ನಾನು ಸಮರ್ಥಿಸುತ್ತಿಲ್ಲ. ಅನುವಿಗೆ ಸುಲಭವಾಗಿ ರಕ್ತ ಸಿಗದಂತಾದದ್ದು ಅದರಿಂದಲೇ. ನನ್ನ ವೃತ್ತಿ ಕಲಿಸಿದ್ದು ಬೇರೆ. ವಿಜ್ಞಾನದ ನಿಯಮ ಬೇಗ ಮನೆಮನೆಗೆ ತಲುಪುತ್ತದೆ, ಅದರ ಅಪವಾದ ತಡವಾಗಿ. ಆ ನಡುವಿನ ಅವಧಿಯಲ್ಲಿ ಶಿಕ್ಷೆ ಅನುಭವಿಸುವವರು ಹೆಚ್ಚಾಗಿ ಹೆಂಗಸರು. ಅರ್ಧ ತಿಳಿದ ವಿಜ್ಞಾನದ ಹೆಸರಿನಲ್ಲಿ ಯಾರನ್ನಾದರೂ ಮನೆಯಿಂದ ಹೊರಡಿಸುವವರಿಗೆ ನಾನು ಇಂದಿಗೂ ತಲೆಬಾಗುವುದಿಲ್ಲ.

ಶರ್ಮಾ ಈಗಿಲ್ಲ, ಶ್ರೀಧರರೂ ಇಲ್ಲ. ರತ್ನಮ್ಮ ತುಮಕೂರಿನಲ್ಲಿದ್ದಾರೆ, ಮಾಲಿನಿ ನೋಯ್ಡಾದಲ್ಲಿ ಮಗಳೊಂದಿಗಿದ್ದಾರೆ. ಇದನ್ನು ಬರೆಯುವ ಮೊದಲು ಫೋನ್ ಮಾಡಿ, ಹೆಸರು ಬದಲಿಸಲೇ ಎಂದು ಕೇಳಿದೆ.

“ಯಾಕೆ ಸಾರ್?” ಎಂದರು ಮಾಲಿನಿ. “ನಾನೇನು ಕದ್ದಿದ್ದೀನಾ?”