ಕಲ್ವಾದಲ್ಲಿ ನಿಲ್ಲದ ಕಂಪ್ಯೂಟರ್

ಮೊನ್ನೆ ಡೊಂಬಿವಲಿಯ ನಮ್ಮ ಮನೆಯ ಅಟ್ಟ ಗುಡಿಸುವಾಗ ಹಳೆಯ ಬಿಸ್ಕತ್ತು ಡಬ್ಬಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ತುಂಡೊಂದು ಸಿಕ್ಕಿತು. "ಬಾಬಾ, ಹೇ ಕಾಯ್?" ಇದೇನೆಂದು ಮಗಳು ಮರಾಠಿಯಲ್ಲೇ ಕೇಳಿದಳು. ಕನ್ನಡದ ಬೀಗದ ಕೈ ಎಂದೆ. ಹಣೆ ಮುಟ್ಟಿ, ನನಗೆ ಜ್ವರವಿಲ್ಲವೆಂದು ಖಚಿತಪಡಿಸಿಕೊಂಡು ಹೋದಳು.

ನೀವಾದರೂ ಕೇಳಿ. ಅದರ ಹೆಸರು ಡಾಂಗಲ್. ಹಿಂದೆ ಕನ್ನಡ ಟೈಪು ಮಾಡುವ ತಂತ್ರಾಂಶ ಕೊಂಡರೆ ಜೊತೆಗೆ ಇದನ್ನೂ ಕೊಡುತ್ತಿದ್ದರು. ಕಂಪ್ಯೂಟರಿನ ಬೆನ್ನಿಗೆ ಇದನ್ನು ಚುಚ್ಚದೆ ಒಂದಕ್ಷರವೂ ಮೂಡುತ್ತಿರಲಿಲ್ಲ. ಕನ್ನಡವನ್ನು ಕದಿಯಲು ಮುಂಬೈಯಲ್ಲಿ ಜನ ಸಾಲುಗಟ್ಟಿ ನಿಂತಿದ್ದರಲ್ಲವೇ, ಅದಕ್ಕೆ ಈ ಬಂದೋಬಸ್ತು!

ಇದು ಕಲ್ವಾದಲ್ಲಿರುವ ನನ್ನ ಸೋದರತ್ತೆಯ ಮನೆಯದು. ಮಾವ ತಮ್ಮ ಮಗಳ ಮದುವೆಗೆಂದು ಶೋಭಾನೆ ಹಾಡೊಂದನ್ನು ಕಟ್ಟಿ ಟೈಪು ಮಾಡಿಟ್ಟಿದ್ದರು. ಕಾಗದಕ್ಕೆ ಇಳಿಸುವ ಮೊದಲೇ ತೀರಿಕೊಂಡರು; ಅವರ ಹಿಂದೆಯೇ ಕಂಪ್ಯೂಟರೂ ಹೊಗೆ ಬಿಟ್ಟು ಹೋಯಿತು. ಮದುವೆ ನಿಶ್ಚಯವಾದಾಗ ಅತ್ತೆ ನನ್ನನ್ನು ಕರೆಸಿದರು. "ಆ ಹಾಡು ಮಂಟಪದಲ್ಲಿ ಕೇಳ್ಬೇಕು ಮಾರಾಯ. ಅಪ್ಪ ಇಲ್ಲದ ಹುಡುಗಿ, ಅವರ ಮಾತಾದ್ರೂ ಇರ್ಲಿ."

ನಾನು ಮಹಾಪಂಡಿತ. ಹೊಸ ಮಷೀನು ತಂದು, ಅದಕ್ಕೆ ಹಳೆಯ ಡಿಸ್ಕ್ ಜೋಡಿಸಿ, ಡಾಂಗಲ್ ಚುಚ್ಚಿದೆ. "ಡಾಂಗಲ್ ಇಲ್ಲ" ಎಂದಿತು. ಕಿತ್ತು ಚುಚ್ಚಿದೆ, ಒರೆಸಿ ಚುಚ್ಚಿದೆ, ಅತ್ತೆಯ ಒತ್ತಾಯಕ್ಕೆ ಗಣಪತಿಗೆ ಕೈಮುಗಿದೂ ಚುಚ್ಚಿದೆ. ಇಲ್ಲವೆಂದರೆ ಇಲ್ಲ. ಡೊಂಬಿವಲಿಯವನಿಗೆ ಎಲ್ಲ ಕಾಯಿಲೆಗೂ ಒಂದೇ ಮದ್ದು: ಇನ್ನಷ್ಟು ಫಾಸ್ಟ್. ಅಂಗಡಿಯವನೂ "ರ‍್ಯಾಮ್ ವಾಢವಾ ಸಾಹೇಬ್" ಎಂದ. ರ‍್ಯಾಮ್ ಹೆಚ್ಚಿಸಿದೆ, ಪ್ರೊಸೆಸರನ್ನೇ ಬದಲಿಸಿದೆ. ಈಗ ಮಷೀನು "ಡಾಂಗಲ್ ಇಲ್ಲ" ಎಂಬುದನ್ನು ಕಣ್ಣು ಮಿಟುಕಿಸುವುದರೊಳಗೆ ಹೇಳತೊಡಗಿತು. ಪ್ರಗತಿಯೆಂದರೆ ಇದೇ ಇರಬೇಕು.

ಮದುವೆಯ ಮುನ್ನಾದಿನ ಮತ್ತೊಂದು ಬಿಡಿಭಾಗ ಹಿಡಿದು ಕಲ್ವಾಗೆ ಹೊರಟವನು ಅಭ್ಯಾಸಬಲದಿಂದ, ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲದ ಫಾಸ್ಟ್ ಲೋಕಲ್ ಹತ್ತಿದೆ. ಸುರಂಗ ದಾಟುತ್ತಲೇ ಕಲ್ವಾ ಸರ್ರನೆ ಹಿಂದೆ ಹೋಯಿತು. ಗಾಡಿ ನಿಂತದ್ದು ಮುಂದಿನ ಊರು ಠಾಣೆಯಲ್ಲಿ. ನನ್ನನ್ನೇ ಬೈದುಕೊಳ್ಳುತ್ತ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಹೊಳೆಯಿತು. ಹೊಸ ಮಷೀನು ಮಾಡುತ್ತಿರುವುದೂ ಇದನ್ನೇ. ಡಾಂಗಲನ್ನು "ಇದ್ದೀಯಾ?" ಎಂದು ಕೇಳುತ್ತದೆ, ಆ ಬಡಪಾಯಿ ಉತ್ತರಿಸಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸ್ಟೇಷನ್ನಿಗೆ ಹೋಗಿಬಿಟ್ಟಿರುತ್ತದೆ.

ಅತ್ತೆಯ ಮನೆಗೆ ಹೋಗಿ, ವೇಗ ಹೆಚ್ಚಿಸುವ ಸೆಟ್ಟಿಂಗುಗಳನ್ನೆಲ್ಲ ಬಂದ್ ಮಾಡಿದೆ. ಅಷ್ಟು ಸಂಭ್ರಮದಿಂದ ತಂದ ವೇಗವನ್ನು ಕೈಯಾರೆ ಕೊಂದೆ. ಹಾಡು ತೆರೆದುಕೊಂಡಿತು, ಒಂದೊಂದೇ ಅಕ್ಷರವಾಗಿ, ತೆವಳುತ್ತ. ನನಗೋ ನಾಚಿಕೆ. "ಸ್ವಲ್ಪ ಸ್ಲೋ ಇದೆ ಅತ್ತೆ."

ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇರ್ಲಿ ಮಗಾ. ಅವರು ಟೈಪ್ ಮಾಡ್ತಿದ್ದದ್ದೂ ಒಂದೇ ಬೆರಳಲ್ಲಿ. ಹೀಗೇ ಬರ್ತಿತ್ತು." ಹಾಗೆಂದು ಮುಂದಿನ ಅಕ್ಷರಕ್ಕಾಗಿ ಕಾಯುತ್ತ ಕೂತರು. ಮರುದಿನ ಮಂಟಪದಲ್ಲಿ ಮಾವನ ಹಾಡು ಕೇಳಿಸಿತು.

ಅತ್ತೆ ಈಗಲೂ ಕಲ್ವಾದಲ್ಲೇ ಇದ್ದಾರೆ. ನಾನು ದಿನಾ ಅವರ ಊರನ್ನು ಹಾದೇ ಆಫೀಸಿಗೆ ಹೋಗುತ್ತೇನೆ, ಫಾಸ್ಟ್ ಲೋಕಲಿನಲ್ಲಿ. ಆಗಾಗ ಫೋನು ಮಾಡಿ "ಹೇಗಿದ್ದೀರಿ ಅತ್ತೆ?" ಎಂದೂ ಕೇಳುತ್ತೇನೆ, ಅವರು "ಎಂತ ಹೇಳುದು ಮಗಾ..." ಎಂದು ಶುರುಮಾಡುವಷ್ಟರಲ್ಲಿ ಇಟ್ಟುಬಿಡುತ್ತೇನೆ.

ಇವತ್ತು ಡಾಂಗಲನ್ನು ಜೇಬಿಗೆ ಹಾಕಿಕೊಂಡು ಸ್ಲೋ ಲೋಕಲ್ ಹತ್ತಿದ್ದೇನೆ.