ಸಾಕು ಎನ್ನುವ ಹಕ್ಕು

ನಮ್ಮ ಬಡಾವಣೆಯಲ್ಲಿ ಎರಡು ವಸ್ತು ಇದ್ದವರಿಗೆ ವಿಶೇಷ ಮರ್ಯಾದೆ: ಕರಿಬೇವಿನ ಗಿಡ ಮತ್ತು ಓಟು. ನಮ್ಮ ಕರಿಬೇವಿನ ಗಿಡ ಈ ಚಳಿಗಾಲದಲ್ಲಿ ಗ್ಯಾರೇಜಿನೊಳಗೆ ಬೆಚ್ಚಗೆ ಹೊದ್ದುಕೊಂಡೇ ಸತ್ತಿತು. ಹಾಗಾಗಿ ಈಗ ನನ್ನ ಪ್ರತಿಷ್ಠೆಯೆಲ್ಲ ಓಟಿನ ಮೇಲೆ ನಿಂತಿದೆ. ಟೆಕ್ಸಸ್‌ನ ಲಿಟಲ್ ಎಲ್ಮ್ ಊರಿನ ಈ ಬೀದಿಯಲ್ಲಿ ತೋರಣ ಕಟ್ಟಿದ ಬಾಗಿಲುಗಳಿಗೆ ಕೊರತೆಯಿಲ್ಲ. ಆದರೆ ಒಳಗಿರುವವರಲ್ಲಿ ಹೆಚ್ಚಿನವರು ವೀಸಾದಲ್ಲೋ ಗ್ರೀನ್ ಕಾರ್ಡಿನ ಸಾಲಿನಲ್ಲೋ ಇದ್ದಾರೆ. ಅವರು ತೆರಿಗೆ ಕಟ್ಟಬಹುದು, ಅಂಗಳದ ಹುಲ್ಲು ಎತ್ತರವಾದರೆ ದಂಡವನ್ನೂ ಕಟ್ಟಬಹುದು, ಓಟು ಮಾತ್ರ ಹಾಕುವಂತಿಲ್ಲ. ನಾನೂ ನನ್ನ ಹೆಂಡತಿ ಸುಮನಾಳೂ ಹೋದ ವರ್ಷ ಸಿಟಿಜನ್ ಆದೆವು. ಅಂದಿನಿಂದ ನನ್ನ ರಾಜಕೀಯ ಅಭಿಪ್ರಾಯಗಳನ್ನು ಜನ ಪೂರ್ತಿ ಕೇಳಿಸಿಕೊಳ್ಳುತ್ತಾರೆ, ನಮ್ಮ ಮನೆಯವರನ್ನು ಬಿಟ್ಟು.

ಈ ಸಲ ಕಾಂಗ್ರೆಸ್ಸಿನ, ಅಂದರೆ ಇಲ್ಲಿನ ಸಂಸತ್ತಿನ, ಸೀಟಿಗೆ ಪ್ರೈಮರಿ ಬಂತು. ಪ್ರೈಮರಿ ಎಂದರೆ, ನವೆಂಬರಿನ ದೊಡ್ಡ ಹೊಡೆದಾಟಕ್ಕೆ ಯಾರನ್ನು ಕಳಿಸಬೇಕೆಂದು ಒಂದೇ ಪಕ್ಷದವರು ಮೊದಲು ತಮ್ಮತಮ್ಮಲ್ಲೇ ಹೊಡೆದಾಡುವ ಏರ್ಪಾಡು. ನಮ್ಮ ಕಡೆ ಇದಕ್ಕೆ ಟಿಕೆಟ್ ಹಂಚಿಕೆ ಎನ್ನುತ್ತಾರೆ, ಬಾಗಿಲು ಹಾಕಿಕೊಂಡು ಮಾಡುತ್ತಾರೆ. ಇಲ್ಲಿ ಬಾಗಿಲು ತೆರೆದು ಮಾಡುತ್ತಾರೆ, ವ್ಯತ್ಯಾಸ ಅಷ್ಟೇ. ರಸ್ತೆ, ನೀರು, ಶಾಲೆ ಎಲ್ಲ ಇದ್ದರೂ ಈ ಬಾರಿ ಜಗಳ ಹತ್ತಿಕೊಂಡದ್ದು ಎಐ ಮೇಲೆ. ಒಬ್ಬ ಅಭ್ಯರ್ಥಿ ಅದಕ್ಕೆ ಲಗಾಮು ಬೇಡವೇ ಬೇಡ ಎನ್ನುತ್ತಿದ್ದರು. ಇನ್ನೊಬ್ಬರು ಲಗಾಮಿಲ್ಲದೆ ಅದನ್ನು ಲಾಯದಿಂದ ಹೊರಗೇ ಬಿಡಬಾರದು ಎನ್ನುತ್ತಿದ್ದರು. ಟೆಕ್ಸಸ್‌ನಲ್ಲಿ ಯಾವ ವಿಷಯವೇ ಆಗಲಿ, ಕೊನೆಗೆ ಕುದುರೆಯ ಹತ್ತಿರ ಬಂದೇ ನಿಲ್ಲುತ್ತದೆ.

ಈ ಜಗಳದಲ್ಲಿ ನನ್ನ ಹೊಟ್ಟೆಪಾಡು ಯಾವ ಕಡೆಗಿದೆ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗ್ರಾಹಕರ ದೂರುಗಳಿಗೆ ಉತ್ತರ ಕೊಡುವ ಎಐ ತಯಾರಿಸುವ ಕಂಪನಿಯಲ್ಲಿ ನಾನು ಕೆಲಸ ಮಾಡುತ್ತೇನೆ. ನಮ್ಮ ಯಂತ್ರ ಬಹಳ ಸಭ್ಯ. ‘ನಿಮಗಾದ ತೊಂದರೆ ನಮಗೆ ಅರ್ಥವಾಗುತ್ತದೆ’ ಎನ್ನುತ್ತದೆ. ದೂರು ಹೇಳಲು ಬಂದವನು ಯಾವ ಮನುಷ್ಯನ ಜೊತೆಗೂ ಮಾತಾಡದೆ ಸುಸ್ತಾಗಿ ವಾಪಸ್ಸು ಹೋದರೆ ನಮ್ಮ ಆಫೀಸಿನಲ್ಲಿ ಅದನ್ನು ಯಶಸ್ಸು ಎಂದು ಲೆಕ್ಕ ಹಾಕುತ್ತೇವೆ. ಹಾಗಾಗಿ ಆಫೀಸಿನಲ್ಲಿ ಎಲ್ಲರೂ ಲಗಾಮು ಬೇಡ ಎನ್ನುವವರ ಕಡೆ. ನಾನೂ ಊಟದ ಮೇಜಿನಲ್ಲಿ ಹಾಗೆಂದೇ ಭಾಷಣ ಮಾಡುತ್ತಿದ್ದೆ.

ಹಾಗಿರುವಾಗ ಸುಮನಾಳ ಬಲಭುಜ ಹಿಡಿದುಕೊಂಡಿತು. ಫ್ರೋಜನ್ ಶೋಲ್ಡರ್. ಕೈ ಕಿವಿಯವರೆಗೆ ಹೋಗಿ ನಿಲ್ಲುತ್ತಿತ್ತು. ತಲೆ ಬಾಚಲಾಗದು, ಮೇಲಿನ ಶೆಲ್ಫಿನಿಂದ ಬೇಳೆ ಡಬ್ಬ ಇಳಿಸಲಾಗದು. ಫಿಸಿಯೋಥೆರಪಿಯಿಂದ ಸ್ವಲ್ಪ ಸ್ವಲ್ಪವೇ ಮೇಲೇರುತ್ತಿತ್ತು. ಅಷ್ಟರಲ್ಲಿ ಇನ್ಶೂರೆನ್ಸ್‌ನವರ ಸಾಫ್ಟ್‌ವೇರ್ ಅವಳಿಗೆ ಇನ್ನು ಚಿಕಿತ್ಸೆ ಸಾಕು ಎಂದು ತೀರ್ಮಾನಿಸಿತು. ಅವಳು ವಿಚಾರಿಸಲು ಹೋದರೆ ಅಲ್ಲೊಂದು ಸಭ್ಯ ಯಂತ್ರ ‘ನಿಮ್ಮ ನೋವು ನಮಗೆ ಅರ್ಥವಾಗುತ್ತದೆ’ ಎಂದಿತು.

"ರೀ, ಇದು ನಿಮ್ಮ ಥರಾನೇ ಮಾತಾಡತ್ತೆ," ಎಂದಳು ಸುಮನಾ.

ಅದು ನಮ್ಮ ಕಂಪನಿಯದಲ್ಲ ಎಂದು ನಾನು ಆಣೆ ಮಾಡಿ ಹೇಳಿದೆ. ನಿಜವಾಗಿಯೂ ಅಲ್ಲ. ಆದರೆ ದಾಯಾದಿ ಮಾಡಿದ್ದಕ್ಕೂ ಒಂದಿಷ್ಟು ನಾಚಿಕೆ ಪಡಬೇಕಾಗುತ್ತದಲ್ಲ, ಅಂಥ ಸಂಕಟ.

ಇಷ್ಟರಲ್ಲಿ ನಮ್ಮ ಹಿಂದಿನ ಬೀದಿಯ ಬಸವರಾಜ ಅಂಕಲ್ ಒಂದು ಕೆಲಸ ಮಾಡಿದರು. ಅವರು ಹುಬ್ಬಳ್ಳಿಯವರು, ಇಲ್ಲಿ ಮನೆ ಮಾರಿಸುವ ವ್ಯವಹಾರ ಅವರದು. ಊರಿಗೆ ಬಂದ ಗಣ್ಯರಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ ಊಟ ಹಾಕದಿದ್ದರೆ ಅವರಿಗೆ ಸಮಾಧಾನವಿಲ್ಲ. ಅವರು ಇಬ್ಬರು ಅಭ್ಯರ್ಥಿಗಳನ್ನೂ ಒಂದೇ ದಿನ, ಒಂದೇ ಊಟಕ್ಕೆ ಕರೆದುಬಿಟ್ಟರು. ನನಗೆ ಗಾಬರಿಯಾಗಿ ಫೋನ್ ಮಾಡಿದೆ.

"ಯಾಕ್ರೀ, ಇಬ್ರೂ ಒಂದ ಪಾರ್ಟಿಯವರಲ್ಲೇನು? ಅಣ್ಣ ತಮ್ಮ ಇದ್ದಾಂಗ. ಒಬ್ಬರನ್ನ ಕರದು ಇನ್ನೊಬ್ಬರನ್ನ ಬಿಟ್ರ ಚಂದ ಕಾಣಂಗಿಲ್ರಿ," ಎಂದರು.

ಅಣ್ಣ ತಮ್ಮಂದಿರ ಸಂಬಂಧದ ಬಗ್ಗೆ ಅವರಿಗೆ ಅಷ್ಟು ನಂಬಿಕೆ ಎಲ್ಲಿಂದ ಬಂತೋ. ಇಬ್ಬರೂ ಬಂದರು. ಲಗಾಮು ಬೇಡ ಎನ್ನುವವರು ಮೊಣಕಾಲೆತ್ತರದ ಬೂಟು ಹಾಕಿದ್ದರು. ಬಾಗಿಲಲ್ಲಿ ಚಪ್ಪಲಿಗಳ ರಾಶಿ ನೋಡಿ, ಗೋಡೆ ಹಿಡಿದು ಬೂಟು ಕಿತ್ತು ಒಳಗೆ ಬರುವಷ್ಟರಲ್ಲಿ ಅವರ ಅರ್ಧ ಪ್ರಚಾರ ಮುಗಿದಂತಿತ್ತು. ಲಗಾಮು ಬೇಕು ಎನ್ನುವವರು ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹೆಂಗಸು. ನಾವೆಲ್ಲ ಅವರ ಮುಂದೆ ನಾವಾಗಿಯೇ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆವು. ಇಬ್ಬರನ್ನೂ ಒಂದೇ ಸೋಫಾದಲ್ಲಿ ಕೂರಿಸಿ, ಇಬ್ಬರಿಗೂ ಒಂದೇ ಬಣ್ಣದ ಶಾಲು ಹೊದಿಸಿ, ಪೇಟ ಇಟ್ಟು ಫೋಟೊ ತೆಗೆದರು. ಮರುದಿನ ಎರಡೂ ಪ್ರಚಾರದವರ ಪುಟಗಳಲ್ಲಿ ಆ ಫೋಟೊ ಬಂತು. ಎರಡರಲ್ಲೂ ಪಕ್ಕದವರನ್ನು ಕತ್ತರಿಸಲಾಗಿತ್ತು, ಭುಜದ ಮೇಲೆ ಯಾರದೋ ಪೇಟದ ತುದಿ ಮಾತ್ರ ಉಳಿದಿತ್ತು.

ಪೇಟ ತೊಟ್ಟುಕೊಂಡೇ ಅವರು ವಾದ ಮಾಡಿದರು. ಕೇಳುತ್ತಿದ್ದವರಲ್ಲಿ ಹೆಚ್ಚಿನವರಿಗೆ ಓಟಿರಲಿಲ್ಲ. ಆದರೆ ಎಐ ಕೆಲಸ ಬಹುತೇಕ ಎಲ್ಲರಿಗೂ ಇತ್ತು. ಓಟಿಲ್ಲವೆಂದು ಇವರು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಹೀಗೆ ಎರಡೂ ಕಡೆ ಮರ್ಯಾದೆ ಉಳಿಯಿತು.

ಇಲ್ಲಿ ಬಡಿಸುವ ಶಾಸ್ತ್ರದ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಪಂಕ್ತಿಯಲ್ಲಿ ‘ಸಾಕು’ ಎಂಬುದಕ್ಕೆ ಮೂರು ಅಂತಸ್ತುಗಳಿವೆ. ಬಾಯಲ್ಲಿ ಹೇಳಿದ ಸಾಕು ಬರೀ ಸಂಕೋಚ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಒಂದು ಕೈ ಅಡ್ಡ ಇಟ್ಟರೆ ಅರ್ಧ ಬಡಿಸಬೇಕು. ಎರಡೂ ಕೈ ಅಡ್ಡ ಇಟ್ಟು ಎಲೆಯ ಮೇಲೆ ಬಗ್ಗಿದರೆ ಆಗ ಅದು ನಿಜವಾದ ಸಾಕು. ಬಡಿಸುವವರು ತಿನ್ನುವವರ ಮುಖ ನೋಡಿ ಇದನ್ನೆಲ್ಲ ನಿರ್ಧರಿಸುತ್ತಾರೆ. ಯಾವ ಸರಕಾರವೂ ಬರೆಯದ ಈ ಕಾನೂನು ನಮ್ಮಲ್ಲಿ ಚೆನ್ನಾಗಿಯೇ ನಡೆದುಕೊಂಡು ಬಂದಿದೆ, ಹೊಟ್ಟೆ ಕೆಟ್ಟವರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ.

ಬೂಟಿನವರಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ. ಬಸವರಾಜ ಅಂಕಲ್‌ ಅವರ ಹೆಂಡತಿ ಗಿರಿಜಾ ಆಂಟಿ ಹೋಳಿಗೆ ತಂದಾಗ ಅವರು ಬಾಯಲ್ಲಿ ನೋ ಎಂದರು. ಒಂದು ಬಿತ್ತು. ಕೈ ಅಡ್ಡ ಇಟ್ಟರು. ಬೆರಳ ಸಂದಿಯಲ್ಲಿ ಇನ್ನೊಂದು ಬಿತ್ತು, ಅದರ ಮೇಲೆ ತುಪ್ಪವೂ ಬಿತ್ತು.

"ಒನ್ ಮೋರ್ ರೀ, ಸ್ಮಾಲ್ ಐತಿ," ಎಂದರು ಆಂಟಿ. ಯಾರ ಹಂಗೂ ಇಲ್ಲದ ಮುಕ್ತ ಮಾರುಕಟ್ಟೆಯನ್ನು ಹೊಗಳುತ್ತಿದ್ದ ಮನುಷ್ಯ, ಯಾರಾದರೂ ಬಂದು ಇದನ್ನು ತಡೆಯಬಾರದೇ ಎಂಬಂತೆ ಸುತ್ತ ನೋಡಿದರು.

ಆಗ ಸುಮನಾ ಎದ್ದು ನಿಂತಳು. ಬಲಗೈ ಎತ್ತಿದಳು. ಅದು ಕಿವಿಯ ಹತ್ತಿರ ನಿಂತಿತು. ಕೈ ಅಲ್ಲೇ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಕೇಳಿದಳು: "ಸರ್, ನೀವು ಸಾಕು ಅಂತಿದ್ದೀರ, ಆಂಟಿ ಇಲ್ಲ ಅಂತಿದ್ದಾರೆ. ಇಬ್ರೂ ಮುಖ ನೋಡ್ಕೊಂಡು ಜಗಳ ಆಡ್ತಿದ್ದೀರ. ನನ್ನ ಭುಜದ ಚಿಕಿತ್ಸೆ ಸಾಕು ಅಂದಿದ್ದು ಇನ್ಶೂರೆನ್ಸ್‌ನೋರ ಎಐ, ಅದರ ಮುಖ ನಾನು ನೋಡಿಲ್ಲ. ನಾನು ಯಾರ ಜೊತೆ ಜಗಳ ಆಡ್ಲಿ?"

ಕೋಣೆಯಲ್ಲಿದ್ದ ಎಐ ತಜ್ಞರೆಲ್ಲ ತಮ್ಮ ತಟ್ಟೆಯ ಕೋಸಂಬರಿಯನ್ನು ಆಳವಾಗಿ ಅಧ್ಯಯನ ಮಾಡತೊಡಗಿದರು. ನಾನು ಎಲ್ಲರಿಗಿಂತ ಆಳವಾಗಿ. ಬೂಟಿನವರು ಸ್ಪರ್ಧೆ ಹೆಚ್ಚಾದರೆ ಒಳ್ಳೆಯ ಇನ್ಶೂರೆನ್ಸ್ ಕಂಪನಿ ತಾನಾಗಿ ಹುಟ್ಟುತ್ತದೆ ಎಂದರು. ಟೀಚರಮ್ಮ, ಯಂತ್ರ ಇಲ್ಲ ಎಂದ ಕಡೆ ಒಬ್ಬ ಮನುಷ್ಯ ನೋಡಲೇಬೇಕು ಎಂಬ ಕಾನೂನು ತರುತ್ತೇನೆ, ಅದಕ್ಕೆ ಮೊದಲು ಒಂದು ಸಮಿತಿ ಆಗಬೇಕು ಎಂದರು. ಸುಮನಾ ಇಬ್ಬರಿಗೂ ಥ್ಯಾಂಕ್ಸ್ ಹೇಳಿ ಕೂತಳು.

"ಕಂಪನಿ ಹುಟ್ಟೋವರೆಗೆ, ಸಮಿತಿ ಕೂರೋವರೆಗೆ ನನ್ನ ಕೈ ಕಾಯ್ಬೇಕಂತೆ," ಎಂದು ನನ್ನ ಕಿವಿಯಲ್ಲಿ ಅಂದಳು. ನಗುತ್ತಲೇ ಅಂದಳು, ಆದರೆ ಕಣ್ಣು ತುಂಬಿತ್ತು. ನನಗೆ ಬಹಳ ಕೆಟ್ಟದೆನಿಸಿತು.

ಓಟಿನ ದಿನ ಇಬ್ಬರೂ ಹೋದೆವು. ಮತಗಟ್ಟೆಯ ಯಂತ್ರ ಹಳೆಯ ಕಾಲದ್ದು, ಅದಕ್ಕೆ ಬುದ್ಧಿ ಗಿದ್ಧಿ ಏನೂ ಇಲ್ಲ. ನನ್ನ ಬೆರಳು ಅಭ್ಯಾಸಬಲದಿಂದ ಆಫೀಸಿನವರು ಮೆಚ್ಚಿದ ಬೂಟಿನವರ ಹೆಸರಿನ ಮೇಲೇ ಹೋಗಿತ್ತು. ಕೊನೆಯಲ್ಲಿ ಪರದೆ, ಆರಿಸಿದ್ದನ್ನೆಲ್ಲ ತೋರಿಸಿ, ಇದೇ ಸರಿಯೇ, ಬದಲಾಯಿಸಬೇಕೇ ಎಂದು ಕೇಳಿತು. ಆ ದಡ್ಡ ಯಂತ್ರಕ್ಕಿದ್ದ ಮರ್ಯಾದೆ ನಾವು ತಯಾರಿಸುವ ಜಾಣ ಯಂತ್ರಕ್ಕೆ ಇಲ್ಲವಲ್ಲ ಎನಿಸಿತು. ಬದಲಾಯಿಸಿದೆ. ಹೊರಗೆ ಬಂದಾಗ ಸುಮನಾ ‘ಓಟು ಹಾಕಿದೆ’ ಎಂಬ ಸ್ಟಿಕ್ಕರನ್ನು ಎಡಗೈಯಲ್ಲಿ ಅಂಟಿಸಿಕೊಳ್ಳಲು ಒದ್ದಾಡುತ್ತಿದ್ದಳು. ನಾನು ಅಂಟಿಸಿದೆ.

ಗೆದ್ದವರು ಯಾರೂ ಇಲ್ಲ. ಮೂರನೆಯವರೊಬ್ಬರು ಇದ್ದರಂತೆ, ಊಟಕ್ಕೆ ಬಂದಿರಲಿಲ್ಲ. ಅವರು ಒಂದಿಷ್ಟು ಓಟು ಎಳೆದುಕೊಂಡದ್ದರಿಂದ ಗೆಲ್ಲಲು ಬೇಕಾದ ಅರ್ಧವನ್ನು ಯಾರೂ ದಾಟಲಿಲ್ಲ. ಈಗ ನಮ್ಮ ಊಟಕ್ಕೆ ಬಂದವರಿಬ್ಬರಿಗೂ ಮತ್ತೊಮ್ಮೆ ಹಣಾಹಣಿ. "ಮತ್ತ ಕರಿಯೋಣೇನ್ರಿ?" ಎಂದು ಬಸವರಾಜ ಅಂಕಲ್ ಆಗಲೇ ಕೇಳಿದ್ದಾರೆ. ಬೂಟಿನವರು ಬರುವ ಬಗ್ಗೆ ನನಗೆ ಅನುಮಾನವಿದೆ.

ಥೆರಪಿಸ್ಟ್ ಕೊನೆಯ ಸಲ ಕಲಿಸಿಕೊಟ್ಟ ವ್ಯಾಯಾಮವನ್ನು ನಾವು ಸಂಜೆ ಮನೆಯಲ್ಲೇ ಮಾಡುತ್ತೇವೆ. ಅವಳು ಅಡುಗೆಮನೆಯ ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತಾ ಹೋಗುತ್ತಾಳೆ, ನಾನು ಮೊಣಕೈಗೆ ಆಸರೆ ಕೊಡುತ್ತೇನೆ. ಬೇಳೆ ಡಬ್ಬದ ಶೆಲ್ಫು ಇನ್ನೂ ಮೇಲಿದೆ. ನೋವು ಅವಳ ಮುಖದ ಮೇಲೆ ಕಾಣಿಸುತ್ತದೆ, ನಾನು ಅದನ್ನು ನೋಡುತ್ತಾ "ಸಾಕಾ?" ಎಂದು ಕೇಳುತ್ತೇನೆ.

"ಇನ್ನೂ ಸ್ವಲ್ಪ," ಎನ್ನುತ್ತಾಳೆ.

ಹೀಗೆ ಕೇಳಲೇಬೇಕು ಎಂಬ ಕಾನೂನು ಬರುವವರೆಗೆ, ನಮ್ಮ ಮನೆಯಲ್ಲಿ ಆ ಕೆಲಸ ನನ್ನದು.